ಬರೀ ಹೆಸರು

ಹನ್ನೆರಡು ವರ್ಷದ ಹಿಂದೆ, ಆಸ್ಪತ್ರೆಯ ಮೂರನೇ ಮಹಡಿಯ ಕಾರಿಡಾರಿನಲ್ಲಿ ನಿಂತು ಮೇಸ್ತ್ರಿ ತನ್ನ ಹೆಂಡತಿಗೆ ಒಂದು ಮಾತು ಕೊಟ್ಟಿದ್ದ.

"ಇನ್ನೊಂದು ಸಲ ಈ ಕೈ ಅವಳ ಮೇಲೆ ಎದ್ದರೆ ಅವಳನ್ನ ಕರ್ಕೊಂಡು ಹೊರಟುಬಿಡು. ನಾನು ಬಾಗಿಲಿಗೆ ಅಡ್ಡ ನಿಲ್ಲಲ್ಲ."

ಹೆಂಡತಿ ಅಳಲಿಲ್ಲ, ಆಗಲಿ ಅನ್ನಲೂ ಇಲ್ಲ. ಬಸ್ಸಿನ ಹೊತ್ತು ವಿಚಾರಿಸುವವಳಂತೆ ಇನ್ನೊಮ್ಮೆ ಕೇಳಿದಳು. "ನಿಲ್ಲಲ್ಲ ತಾನೆ?"

"ನಿಲ್ಲಲ್ಲ."

ಒಳಗೆ ಏಳು ವರ್ಷದ ಮಗಳು ಎಡಗಿವಿಗೆ ಹತ್ತಿ ತುರುಕಿಸಿಕೊಂಡು ಮಲಗಿದ್ದಳು. ಕಿವಿಯ ತಮಟೆ ಹರಿದಿತ್ತು. ಅವಳು ಮಾಡಿದ ಅಪರಾಧ ಇಷ್ಟೇ. ಮೇಸ್ತ್ರಿ ಕೆಲಸ ಮಾಡುವ ಕಾಲೇಜು ವರ್ಕ್‌ಶಾಪಿನ ಅಧಿಕಾರಿ ಯಾವುದೋ ಬೀಗದ ಕೈ ಕೇಳಿಕೊಂಡು ಮನೆ ಬಾಗಿಲಿಗೆ ಬಂದಿದ್ದರು. ಬಾಗಿಲು ತೆಗೆದ ಮಗು ಅವರ ಹೆಸರನ್ನು, ಹಿಂದೆ ಮುಂದೆ ಏನೂ ಸೇರಿಸದೆ ಬರೀ ಹೆಸರನ್ನು ಹಿಡಿದು, "ಬಂದಿದಾನೆ ಅಪ್ಪಾ!" ಎಂದು ಒಳಕ್ಕೆ ಕೂಗಿತು. ದಿನಾ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಆ ಮನುಷ್ಯನನ್ನು ಬೈಯುತ್ತಿದ್ದದ್ದು ಹಾಗೆಯೇ. ಮಗು ಕಲಿತ ಪಾಠ ಒಪ್ಪಿಸಿತ್ತು. ಅಧಿಕಾರಿ ನಕ್ಕರು. "ಮಕ್ಕಳು ಮನೇಲಿ ಕೇಳಿದ್ದನ್ನೇ ತಾನೆ ಹೇಳೋದು" ಎಂದು ಬೀಗದ ಕೈ ತೆಗೆದುಕೊಂಡು ಹೋದರು. ಬಾಗಿಲು ಮುಚ್ಚಿತು, ಕೈ ಎದ್ದಿತು. ಕೈ ಅಂದರೆ ಸಾಮಾನ್ಯ ಕೈಯಲ್ಲ, ದಿನಕ್ಕೆ ಎಂಟು ಗಂಟೆ ಕಾದ ಕಬ್ಬಿಣ ಬಡಿದು ಹದವಾದ ಕೈ.

ಬರೀ ಹೆಸರು ಎಂದರೆ ಮೇಸ್ತ್ರಿಗೆ ಹೊಡೆತಕ್ಕೆ ಮುಂಚಿನ ಸದ್ದು. ಅವನ ಅಪ್ಪ ಎರಕದ ಕಾರ್ಖಾನೆಯಲ್ಲಿ ಕೂಲಿಯವನಾಗಿದ್ದ. ಹಗಲೆಲ್ಲಾ ಯಜಮಾನರ ಮಕ್ಕಳು, ಮೀಸೆ ಚಿಗುರದವರು ಕೂಡ, ನಲವತ್ತರ ಆ ಮನುಷ್ಯನನ್ನು ಹೆಸರು ಹಿಡಿದು ಕೂಗುತ್ತಿದ್ದರು. ಕೂಗಿದ ಮೇಲೆ ಬೈಗುಳ, ಕೆಲವೊಮ್ಮೆ ಕೈಗೆ ಸಿಕ್ಕ ಸಾಮಾನು. ಸಂಜೆ ಆ ಮನುಷ್ಯ ಮನೆಗೆ ಬಂದು ಚಪ್ಪಲಿ ಬಿಚ್ಚಿ ನಿಂತು ಮಗನನ್ನು ಕರೆಯುತ್ತಿದ್ದ. 'ಮಗಾ' ಎಂದರೆ ಆ ದಿನ ಬಚಾವು. ಹೆಸರು ಹಿಡಿದು ಕರೆದರೆ ಸೊಂಟದ ಪಟ್ಟಿ ಬಿಚ್ಚುತ್ತಿದ್ದಾನೆ ಎಂದು ಅರ್ಥ. ಹುಡುಗ ಓಡುತ್ತಿರಲಿಲ್ಲ. ಓಡಿದರೆ ಬಕಲಿನ ಕಡೆಯಿಂದ ಬೀಳುತ್ತಿತ್ತು.

ಆ ಹುಡುಗನೇ ಬೆಳೆದು ಕಾಲೇಜು ವರ್ಕ್‌ಶಾಪಿಗೆ ಸೇರಿ, ಕುಲುಮೆಯಲ್ಲಿ ಬೆಂದು, ಕಬ್ಬಿಣ ಕಡೆಯುವ ಲೇತಿನಲ್ಲಿ ಬೆರಳ ತುದಿ ಒಂದನ್ನು ಕಳೆದುಕೊಂಡು, ಕೆಲಸದ ಹದಿನೈದನೇ ವರ್ಷಕ್ಕೆ ಮೇಸ್ತ್ರಿಯಾದ. ಆಮೇಲೆ ಹುಡುಗರು ಅವನನ್ನು 'ಸಾರ್' ಅನ್ನತೊಡಗಿದರು. ಬೆನ್ನ ಹಿಂದೆ 'ಸುತ್ತಿಗೆ' ಅನ್ನುತ್ತಿದ್ದರು, ಅದೂ ಅವನಿಗೆ ಗೊತ್ತಿತ್ತು. ಇರಲಿ. ಎದುರಿಗೆ ಸಾರ್ ತಾನೆ? ಎರಡಕ್ಷರದ ಆ ಮಾತು ಅವನಿಗೆ ಬೆನ್ನಿನ ಮೇಲೊಂದು ಅಂಗಿ ಇದ್ದಂತೆ. ಅದನ್ನು ಹಾಕಿಕೊಂಡ ಮೇಲೆ ಹಳೆಯ ಬಾಸುಂಡೆ ಯಾರಿಗೂ ಕಾಣುತ್ತಿರಲಿಲ್ಲ.

ಕೊಟ್ಟ ಮಾತನ್ನು ಅವನು ಕಾಪಾಡಿಕೊಂಡು ಬಂದ. ಕೋಪ ಬಂದಾಗ ಕೈಯನ್ನು ತೊಡೆಯ ಕೆಳಗೆ ಇಟ್ಟು ಕೂರುತ್ತಿದ್ದ. ಇಲ್ಲವಾದರೆ ಎದ್ದು ಹೋಗಿ ಹಿತ್ತಲ ಗೋಡೆಗೆ ಗುದ್ದಿ ಬರುತ್ತಿದ್ದ. ಗೋಡೆಯ ಗಾರೆ ಒಂದು ಕಡೆ ಅಂಗೈ ಅಗಲ ಉದುರಿ ಇಟ್ಟಿಗೆ ಕಾಣುತ್ತಿತ್ತು. ಬಂದ ನೆಂಟರು ಕೇಳಿದರೆ ಹೆಂಡತಿ "ತೇವ ಹಿಡಿದಿದೆ" ಅನ್ನುತ್ತಿದ್ದಳು. ಮಗಳು ಬಲಗಿವಿಯನ್ನು ಮುಂದೆ ಮಾಡಿ ಕೇಳಿಸಿಕೊಳ್ಳುವುದನ್ನು ಕಲಿತಳು. ಓದಿದಳು. ಹತ್ತೊಂಬತ್ತಕ್ಕೆ ಅಪ್ಪನ ಕಾಲೇಜಿನಲ್ಲೇ ಮೆಕ್ಯಾನಿಕಲ್ ಎರಡನೇ ವರ್ಷಕ್ಕೆ ಬಂದಳು. ಲೇತಿನ ಮುಂದೆ ನಿಂತರೆ ಅವಳ ಕೈ ಅಪ್ಪನ ಕೈಯೇ, ಆದರೆ ಹಗುರ.

ಆ ವರ್ಷ ಹೊಸ ಮೇಷ್ಟ್ರು ಬಂದರು.

ಮೂವತ್ತೆರಡರ ಆಸುಪಾಸಿನ ಮನುಷ್ಯ. ತೋಳು ಮಡಚಿದ ಅಂಗಿ, ಸದಾ ನಗುವ ಮುಖ. ಮೊದಲ ತರಗತಿಯಲ್ಲೇ ಬೋರ್ಡಿನ ಮೇಲೆ ತಮ್ಮ ಹೆಸರು ಬರೆದು, "ಇದೊಂದೇ. ಸಾರ್ ಇಲ್ಲ, ಗೀರ್ ಇಲ್ಲ. ಹೆಸರು ಹಿಡಿದು ಕರೀರಿ" ಎಂದರಂತೆ.

ಹಿಂದಿನ ಬೆಂಚಿನವನೊಬ್ಬ ಎದ್ದು ನಿಂತು, "ಭಯ ಆಗುತ್ತೆ ಸಾರ್" ಎಂದ. ತರಗತಿ ಗೊಳ್ಳೆಂದಿತು.

"ಸಾರ್ ಅಂದೋರು ಬೋರ್ಡು ಒರೆಸಬೇಕು. ಇನ್ನೊಂದು ಮಾತು. ಇವತ್ತಿಂದ ಯಾರಾದ್ರೂ ಸಾರ್ ಅಂತ ಕರೆದ್ರೆ ನಾನು ತಿರುಗಿಯೂ ನೋಡಲ್ಲ."

ಆ ಮನುಷ್ಯ ಹೇಳಿದಂತೆಯೇ ನಡೆದುಕೊಂಡರು. ಕಾರಿಡಾರಿನಲ್ಲಿ ಯಾರಾದರೂ 'ಸಾರ್, ಸಾರ್' ಎಂದು ಬೆನ್ನು ಹತ್ತಿದರೆ ಸೀಟಿ ಹಾಕುತ್ತಾ ಮುಂದೆ ಹೋಗುತ್ತಿದ್ದರು. ಹೆಸರು ಕೂಗಿದ ತಕ್ಷಣ ಗಿರಕ್ಕನೆ ತಿರುಗಿ "ಹಾಂ, ಹೇಳಪ್ಪಾ!" ಎನ್ನುತ್ತಿದ್ದರು. ತಿಂಗಳೊಳಗೆ ಹುಡುಗರಿಗೆ ಅದು ಚಟವಾಯಿತು. ಬೇರೆ ಮೇಷ್ಟ್ರುಗಳ ಹೊಟ್ಟೆ ಉರಿಯಿತು.

ಹೊಸ ಮೇಷ್ಟ್ರು ವರ್ಕ್‌ಶಾಪಿಗೆ ಮೊದಲ ಸಲ ಬಂದಾಗ ಮೇಸ್ತ್ರಿ ಕುಲುಮೆಯ ಬಳಿ ಕೆಂಪಗೆ ಕಾದ ಸರಳೊಂದನ್ನು ಇಕ್ಕಳದಲ್ಲಿ ಹಿಡಿದು ನಿಂತಿದ್ದ. ಅವರು ಹೆಸರು ಕೇಳಿದರು. ಹೇಳಿದ. ಹೇಳಿದ್ದೇ ತಡ, ಹೆಗಲ ಮೇಲೆ ಕೈ ಹಾಕಿ ಅದೇ ಹೆಸರನ್ನು ಬರಿದಾಗಿ ಹಿಡಿದು, "ನಿಮ್ಮ ಕೈಕೆಲಸದ ಬಗ್ಗೆ ತುಂಬಾ ಕೇಳಿದೀನಿ" ಎಂದರು.

ಮೇಸ್ತ್ರಿ ಸರಳನ್ನು ಅಡಿಗಲ್ಲಿನ ಮೇಲಿಟ್ಟು ಒಂದೇ ಏಟಿಗೆ ಬಗ್ಗಿಸಿದ. ಕಿಡಿ ಹಾರಿ ಮೇಷ್ಟ್ರ ಪ್ಯಾಂಟಿಗೆ ಬಿತ್ತು.

"ನನ್ನನ್ನ ಹೆಸರು ಹಿಡಿದು ಕರೀಬೇಡಿ ಸಾರ್."

"ಅಯ್ಯೋ, ತಪ್ಪು ತಿಳ್ಕೋಬೇಡಿ. ನೀವೂ ನನ್ನನ್ನ ಹಾಗೇ ಕರೀರಿ. ಇಬ್ಬರೂ ಸಮ."

"ಸಮ ಹೇಗಾಗುತ್ತೆ ಸಾರ್? ನೀವು ಹುಟ್ಟಿದಾಗಿಂದ ನಿಮ್ಮ ಹೆಸರಿನ ಹಿಂದೆ ಅವರು ಇವರು ಅಂಟ್ಕೊಂಡೇ ಬಂದಿರುತ್ತೆ. ಹೊಟ್ಟೆ ತುಂಬಿದೋರು ಉಪವಾಸ ಮಾಡೋದು ಬೇರೆ, ನಾವು ಮಾಡೋದು ಬೇರೆ."

ಮೇಷ್ಟ್ರು ಪ್ಯಾಂಟಿನ ಮೇಲಿನ ಕಿಡಿ ಕೊಡವಿಕೊಂಡು, "ಈ ಮಾತು ಯೋಚನೆ ಮಾಡ್ಬೇಕಾದ್ದು" ಎಂದರು. ಮತ್ತೆಂದೂ ಅವನನ್ನು ಹೆಸರಿನಿಂದ ಕರೆಯಲಿಲ್ಲ. ಮೇಸ್ತ್ರಿಗೆ ಅದರಿಂದ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಏಕೆಂದರೆ ಅದೇ ಹೊತ್ತಿಗೆ ಮೂರನೇ ಲೇತಿನ ಬಳಿಯಿಂದ ಹೆಣ್ಣುದನಿಯೊಂದು ಮೇಷ್ಟ್ರ ಹೆಸರನ್ನು, ಬರೀ ಹೆಸರನ್ನು, ತನ್ನ ತಮ್ಮನನ್ನೋ ಗೆಳೆಯನನ್ನೋ ಕರೆದಷ್ಟು ಸಲೀಸಾಗಿ ಕರೆದಿತ್ತು. ಅವನ ಮಗಳ ದನಿ.

ವೆಲ್ಡಿಂಗ್ ವಿಭಾಗದವನಿಗೆ ಕಿಡಿ ಎಂದೇ ಅಡ್ಡಹೆಸರು. ಅವನೂ ಮೇಸ್ತ್ರಿಯೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಒಂದೇ ಕಪ್ಪಿನಲ್ಲಿ ಟೀ ಹಂಚಿಕೊಂಡವರು. ವಾರದ ಕೊನೆಗೆ ವರ್ಕ್‌ಶಾಪಿನ ಹಿಂದೆ, ತುಕ್ಕು ಹಿಡಿದ ಡ್ರಮ್ಮುಗಳ ಮೇಲೆ ಕೂತು ಟೀ ಕುಡಿಯುವಾಗ ಕಿಡಿ ಶುರು ಮಾಡಿದ.

"ಏನ್ ಮೇಸ್ತ್ರಿ, ಮಗಳು ಹೊಸ ಮೇಷ್ಟ್ರನ್ನ ಹೆಸರು ಹಿಡಿದು ಕರೀತಾಳಂತಲ್ಲ?"

"ಎಲ್ಲ ಹುಡುಗರೂ ಕರೀತಾರೆ."

"ಹುಡುಗರು ಕರೀಲಿ ಬಿಡು, ಕತ್ತೆಗಳು. ಹುಡುಗಿ ಕರೆದ್ರೆ ಅದರ ರಾಗಾನೇ ಬೇರೆ ಕಣೋ. ಸಲುಗೆ ಅಂತಾರೆ ಅದಕ್ಕೆ. ಇವತ್ತು ಹೆಸರು ಹಿಡೀತಾಳೆ, ನಾಳೆ ಕೈ..."

ಮಾತು ಅಲ್ಲಿಗೆ ನಿಂತಿತು. ಕಿಡಿಯ ಹಲ್ಲಿನ ಚೂರೊಂದು ಟೀ ಲೋಟದೊಳಗೆ ಬಿದ್ದು ಟಣ್ ಎಂದಿತು. ಅವನು ಡ್ರಮ್ಮಿನಿಂದ ಹಿಂದಕ್ಕೆ ಉರುಳಿ, ಅಂಗಿಯ ಮುಂಭಾಗವೆಲ್ಲ ರಕ್ತ ಮಾಡಿಕೊಂಡು, "ತಮಾಷೆಗಂದೆ ಕಣೋ, ಹಾಳಾದೋನೆ, ತಮಾಷೆಗೆ" ಎಂದು ಬಾಯಿಗೆ ಅಂಗೈ ಒತ್ತಿಕೊಂಡು ಗೋಗರೆದ. ಮೇಸ್ತ್ರಿ ಇನ್ನೆರಡು ಇಕ್ಕಿದ. ನಾಲ್ಕನೆಯದಕ್ಕೆ ಎತ್ತಿದ ಮುಷ್ಟಿ ಗಾಳಿಯಲ್ಲೇ ನಿಂತಿತು. ಆ ಮುಷ್ಟಿಯನ್ನು ತಾನೇ ನೋಡಿದ. ಅವನಿಗೆ ಆಗ ಅನ್ನಿಸಿದ್ದು ನಾಚಿಕೆಯಲ್ಲ, ನೆಮ್ಮದಿ. ಮಾತು ಕೊಟ್ಟಿರುವುದು ಮಗಳೊಬ್ಬಳ ಬಗ್ಗೆ. ಇದು ಲೆಕ್ಕಕ್ಕೆ ಬರುವುದಿಲ್ಲ.

ಆ ಸಂಜೆ ಊಟದ ಹೊತ್ತಿಗೆ ಹೆಂಡತಿ ಅವನ ಗೆಣ್ಣಿನ ಗಾಯ ನೋಡಿ, "ಗೋಡೆಯಾ?" ಎಂದಳು.

"ಹೂಂ."

"ಗೋಡೆಗೆ ಹಲ್ಲಿರಲ್ವಲ್ಲ ರೀ" ಎಂದಳು. ಹೆಂಗಸರ ಬಾಯಲ್ಲಿ ಸುದ್ದಿ ಅವನಿಗಿಂತ ಮುಂಚೆಯೇ ಮನೆ ತಲುಪಿತ್ತು.

ಮಗಳು ತಟ್ಟೆಯಿಂದ ತಲೆ ಎತ್ತಿದಳು. "ಕಿಡಿ ಮಾಮನಿಗೆ ಯಾಕೆ ಹೊಡೆದೆ ಅಪ್ಪ?"

"ನಿನ್ನ ನಾಲಿಗೆಯಿಂದ. ಮೇಷ್ಟ್ರನ್ನ ಬಾಯಿಗೆ ಬಂದ ಹಾಗೆ ಕರೀತೀಯಲ್ಲ, ಅದಕ್ಕೆ."

"ಬಾಯಿಗೆ ಬಂದ ಹಾಗಲ್ಲ, ಅವರೇ ಹೇಳಿದ ಹಾಗೆ. ಹೆಸರು ಇಡೋದು ಕರೆಯೋಕೆ ತಾನೆ? ಪೆಟ್ಟಿಗೇಲಿ ಮುಚ್ಚಿಡೋಕಾ?"

"ಅಕ್ಷರ ಕಲಿಸೋರಿಗೆ ಒಂದು ಮರ್ಯಾದೆ ಬೇಡ್ವಾ?"

"ಸಾರ್ ಅಂದ್ಬಿಟ್ರೆ ಮರ್ಯಾದೆ ಆಯ್ತಾ? ದೊಡ್ಡ ಸಾರ್ ಇದಾರಲ್ಲ, ನಮ್ಮ ಮುಖ್ಯಸ್ಥರು, ಅವರನ್ನ ಹುಡುಗರು ಸಾರ್ ಅನ್ನೋದಕ್ಕಿಂತ ಬೈಗುಳಾನೇ ವಾಸಿ. ಅಷ್ಟು ವಿಷ ಇರುತ್ತೆ ಅದರಲ್ಲಿ. ನಿನ್ನನ್ನ ಸಾರ್ ಅನ್ನೋದೂ ಪ್ರೀತಿಗಲ್ಲ ಅಪ್ಪ. ಹೆದರಿಕೆಗೆ."

ಅವನ ಬಲಗೈ ತಟ್ಟೆಯ ಅಂಚು ಬಿಟ್ಟು ಮೇಲೆದ್ದಿತು. ಹೆಂಡತಿಯ ಕಣ್ಣು ಮಗಳ ಮೇಲೂ ಇರಲಿಲ್ಲ, ಅವನ ಮುಖದ ಮೇಲೂ ಇರಲಿಲ್ಲ. ಆ ಕೈಯ ಮೇಲೆ ಇತ್ತು. ಕೈ ಗಾಳಿಯಲ್ಲಿ ದಾರಿ ಬದಲಿಸಿ ನೀರಿನ ಲೋಟ ಹಿಡಿಯಿತು. ಸ್ಟೀಲ್ ಲೋಟ ಕಬ್ಬಿನ ಸಿಪ್ಪೆಯಂತೆ ಒಳಕ್ಕೆ ಕುಸಿದು ನೀರು ತೊಡೆಯ ಮೇಲೆ ಚೆಲ್ಲಿತು.

"ಇನ್ನೊಂದು ಲೋಟ ತಗೊಂಡು ಬಾ" ಎಂದಳು ಹೆಂಡತಿ ಮಗಳಿಗೆ. ಅವಳು ಎದ್ದು ಹೋದ ಮೇಲೆ ತಗ್ಗಿದ ದನಿಯಲ್ಲಿ ಅವನಿಗೆ ಹೇಳಿದಳು. "ನಾನು ಮರೆತಿಲ್ಲ. ನೀವೂ ಮರೀಬೇಡಿ."

ಮಾರನೆಯ ಬೆಳಿಗ್ಗೆ ವರ್ಕ್‌ಶಾಪಿನ ಕಪ್ಪು ಹಲಗೆಯ ಮೇಲೆ, 'ಓಡುವ ಯಂತ್ರದ ಬಳಿ ಸಡಿಲ ಬಟ್ಟೆ ಬೇಡ' ಎಂಬ ಹಳೆಯ ಸಾಲಿನ ಕೆಳಗೆ ಮೇಸ್ತ್ರಿ ದಪ್ಪಕ್ಷರದಲ್ಲಿ ಇನ್ನೊಂದು ಸಾಲು ಬರೆದ. 'ಇದರೊಳಗೆ ಎಲ್ಲರಿಗೂ ಸಾರ್. ಬರೀ ಹೆಸರು ಹಿಡಿದವರು ಹೊರಗೆ.' ಮಗಳು ಅದನ್ನು ಎರಡು ಸಲ ಓದಿದಳು. ಅಂದೇ ಮಧ್ಯಾಹ್ನ ಹೆಸರು ಹಿಡಿದ ಹುಡುಗನೊಬ್ಬನನ್ನು ಮೇಸ್ತ್ರಿ ಕಾಲರಿನಲ್ಲಿ ಹಿಡಿದು ಎಳೆದು ಬಾಗಿಲಾಚೆ ಜಲ್ಲಿಯ ಮೇಲೆ ದೂಡಿದ. ಹುಡುಗನ ಎರಡೂ ಮೊಣಕೈ ತರಚಿತು. ಆಮೇಲೆ ಒಳಗೆ ಯಾರೂ ಹೆಸರೆತ್ತಲಿಲ್ಲ. ಹೊಸ ಮೇಷ್ಟ್ರು ಹಲಗೆ ನೋಡಿ ನಕ್ಕರು. "ಸರಿ, ನಿಮ್ಮ ರಾಜ್ಯದಲ್ಲಿ ನಿಮ್ಮ ಕಾನೂನು. ಆದರೆ ನನ್ನ ಕಾನೂನು ನನ್ನ ಕಿವೀಲಿದೆ" ಎಂದು ಹುಡುಗರಿಗೆ ಕಣ್ಣು ಹೊಡೆದರು.

ಹೀಗೆ ಒಂದೇ ಕೋಣೆಯಲ್ಲಿ ಎರಡು ಕಾನೂನು ನಡೆದವು. ಮೂರು ವಾರ ಏನೂ ಆಗಲಿಲ್ಲ.

ನಾಲ್ಕನೇ ವಾರದ ಒಂದು ಬೆಳಿಗ್ಗೆ ಎಂಟೂ ಲೇತುಗಳು ಓಡುತ್ತಿದ್ದವು. ವರ್ಕ್‌ಶಾಪಿನೊಳಗೆ ಆ ಹೊತ್ತಿಗೆ ನಾಲ್ಕು ಜನ 'ಸಾರ್'ಗಳಿದ್ದರು. ತಪಾಸಣೆಗೆಂದು ಬಂದಿದ್ದ ದೊಡ್ಡ ಸಾರ್, ಅವರ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ ಮೇಸ್ತ್ರಿ, ದಾಸ್ತಾನು ಕೋಣೆಯ ಕಿಟಕಿಯಲ್ಲಿದ್ದ ಸ್ಟೋರ್ ಕೀಪರ್, ಮತ್ತೆ ಐದನೇ ಲೇತಿನ ಮೇಲೆ ಬಾಗಿ ಹುಡುಗನೊಬ್ಬನಿಗೆ ಏನೋ ತೋರಿಸುತ್ತಿದ್ದ ಹೊಸ ಮೇಷ್ಟ್ರು. ಕೊರಳಲ್ಲಿದ್ದ ಗುರುತಿನ ಚೀಟಿಯ ಪಟ್ಟಿಯನ್ನು ಒಳಗೆ ಬರುವವರೆಲ್ಲ ತೆಗೆದಿಡಬೇಕು. ಅದನ್ನು ನೋಡಿಕೊಳ್ಳುವುದು ಮೇಸ್ತ್ರಿಯ ಕೆಲಸ. ಆ ದಿನ ಅವನು ದೊಡ್ಡ ಸಾರ್ ಹಿಂದೆ ಹಿಂದೆ ಇದ್ದ. ಹೊಸ ಮೇಷ್ಟ್ರು ಪಟ್ಟಿಯನ್ನು ಕೊರಳಿಂದ ತೆಗೆಯದೆ ತುದಿಯನ್ನಷ್ಟೇ ಅಂಗಿ ಜೇಬಿಗೆ ತುರುಕಿಕೊಂಡಿದ್ದರು. ಬಾಗಿದಾಗ ಅದು ಜಾರಿ ಹೊರಗೆ ಬಂತು. ಕಬ್ಬಿಣದ ತುಂಡನ್ನು ಹಿಡಿದು ಗಿರಗಿರ ಸುತ್ತುವ ಚಕ್ಕಿಗೆ ಒಂದು ಗೇಣು ಮೇಲೆ ತೂಗಾಡಿತು.

ಅದನ್ನು ಕಂಡದ್ದು ಮೂರನೇ ಲೇತಿನ ಬಳಿ ಇದ್ದ ಮಗಳು. ಅವಳ ಬಾಯಿ ತೆರೆಯಿತು. ಮೇಷ್ಟ್ರ ಹೆಸರು ನಾಲಿಗೆಯ ತುದಿಗೆ ಬಂದದ್ದು ಅವಳ ತುಟಿಯಲ್ಲೇ ಕಾಣುತ್ತಿತ್ತು. ಎದುರಿಗೇ ಕಪ್ಪು ಹಲಗೆ. ಹಲಗೆಯ ಕೆಳಗೇ ಅಪ್ಪ.

"ಸಾರ್!" ಎಂದು ಕಿರುಚಿದಳು. "ಸಾರ್! ಸಾರ್!"

ದೊಡ್ಡ ಸಾರ್ ತಿರುಗಿದರು. ಸ್ಟೋರ್ ಕೀಪರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಮೇಸ್ತ್ರಿ ತಿರುಗಿದ, ತಿರುಗಿ ಮಗಳ ಮುಖ ನೋಡಿದ, ಅವಳ ಬಾಯಿಂದ ಆ ಮಾತು ಬಂತಲ್ಲ ಎಂದು ಒಂದು ಗಳಿಗೆ, ಕಣ್ಣು ರೆಪ್ಪೆ ಮಿಟುಕಿಸುವಷ್ಟು ಹೊತ್ತು, ಅವನ ಎದೆ ಉಬ್ಬಿತು. ಹೊಸ ಮೇಷ್ಟ್ರು ತಿರುಗಲಿಲ್ಲ. ಹುಡುಗಿ ತಮ್ಮನ್ನೇ ಕರೆಯುತ್ತಿದ್ದಾಳೆಂದು ಅವರಿಗೆ ಗೊತ್ತಾಗಿರಬೇಕು, ಏಕೆಂದರೆ ನಕ್ಕರು. ತಲೆ ಎತ್ತದೆ, ಆಟದ ನಿಯಮ ಮುರಿಯದೆ, ನಗುತ್ತಲೇ ಇನ್ನಷ್ಟು ಬಾಗಿದರು.

ಪಟ್ಟಿಯನ್ನು ಚಕ್ಕು ಕಚ್ಚಿಕೊಂಡಿತು. ಆಮೇಲಿನದು ಮೂರು ಸುತ್ತಿನ ಕೆಲಸ. ಕೊರಳು ಕೆಳಕ್ಕೆ ಹೋಯಿತು, ಮುಖ ಕಬ್ಬಿಣಕ್ಕೆ ಬಡಿಯಿತು, ಎತ್ತಿ ಮತ್ತೆ ಬಡಿಯಿತು. ತೆಂಗಿನಕಾಯಿ ಒಡೆದಂಥ ಸದ್ದು. ಎದುರಿಗಿದ್ದ ಹುಡುಗನ ಅಂಗಿ, ಹಿಂದಿನ ಸುಣ್ಣದ ಗೋಡೆ, ಎರಡರ ಮೇಲೂ ಕೆಂಪು ಚಿಮ್ಮಿತು. ಮೇಸ್ತ್ರಿ ಮೂರು ಹಾರಿಗೆ ಮುಖ್ಯ ಸ್ವಿಚ್ಚು ತಲುಪಿ ಹಿಡಿಕೆಯನ್ನು ಕಿತ್ತು ಬರುವ ಹಾಗೆ ಕೆಳಕ್ಕೆಳೆದ. ಎಂಟೂ ಲೇತುಗಳು ಗೊರಗೊರ ಎಂದು ನಿಂತವು. ಮೌನದಲ್ಲಿ ಮೇಷ್ಟ್ರ ಗಂಟಲಿನಿಂದ ಬರುತ್ತಿದ್ದ ನೊರೆಯ ಸದ್ದು ಮಾತ್ರ ಉಳಿಯಿತು. ಮೇಸ್ತ್ರಿ ಚಾಕುವಿನಿಂದ ಪಟ್ಟಿ ಕೊಯ್ದು, ಆ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದು ನೆಲಕ್ಕಿಳಿಸಿದ. ದವಡೆ ಎಲ್ಲಿರಬೇಕೋ ಅಲ್ಲಿರಲಿಲ್ಲ. ಬಲಗಣ್ಣಿನ ಜಾಗದಲ್ಲಿ ನೋಡುವಂಥದ್ದೇನೂ ಉಳಿದಿರಲಿಲ್ಲ.

ಮಗಳು ಬಂದು ಮೊಣಕಾಲೂರಿ ಕೂತಳು. ಈಗ ಹೆಸರು ಹಿಡಿದು ಕರೆದಳು, ಮತ್ತೆ ಮತ್ತೆ ಕರೆದಳು. ಉಳಿದ ಕಣ್ಣು ಅವಳ ಕಡೆ ತಿರುಗಿತು.

ಮೇಷ್ಟ್ರು ಸಾಯಲಿಲ್ಲ. ಮೂರನೇ ದಿನ ದೊಡ್ಡ ಸಾರ್ ಕೋಣೆಯಲ್ಲಿ ವಿಚಾರಣೆ ನಡೆಯಿತು. ಉದ್ದ ಮೇಜಿನ ಆಚೆ ಐದು ಜನ, ಈಚೆ ಮೇಸ್ತ್ರಿ, ಮಗಳು, ಸ್ಟೋರ್ ಕೀಪರ್. ಪಟ್ಟಿ ತೆಗೆಸದೆ ಇದ್ದದ್ದನ್ನು ಮೇಸ್ತ್ರಿ ಒಪ್ಪಿಕೊಂಡ. ಮಗಳ ಸರದಿ ಬಂತು.

"ನೀನು ಕಂಡೆ. ಕೂಗಿದೆ. ಅವರು ಯಾಕೆ ತಿರುಗಲಿಲ್ಲಮ್ಮ?" ಎಂದರು ದೊಡ್ಡ ಸಾರ್.

"ನಾನು ಸಾರ್ ಅಂದೆ. ಅದಕ್ಕೆ ತಿರುಗಲಿಲ್ಲ. ನಿನ್ನೆ ಆಸ್ಪತ್ರೇಲಿ ಕಾಗದದ ಮೇಲೆ ಬರೆದು ತೋರಿಸಿದ್ರು. 'ಆಟ ಅಂದ್ಕೊಂಡೆ' ಅಂತ."

"ಯಾವಾಗಲೂ ಹೆಸರು ಕೂಗೋಳು ಅವತ್ತು ಸಾರ್ ಅಂದದ್ದು ಯಾಕೆ?"

ಮೇಸ್ತ್ರಿ ನೆಲ ನೋಡುತ್ತಿದ್ದ. ಅವಳು ಒಂದು ಮಾತು ನುಂಗಿಕೊಂಡರೆ ಸಾಕಿತ್ತು. ಗಾಬರಿಯಲ್ಲಿ ಬಾಯಿಗೆ ಬಂದದ್ದು ಅಂದೆ ಎಂದರೆ ಮುಗಿಯುತ್ತಿತ್ತು.

"ಹಲಗೆ ಮೇಲೆ ಹಾಗೆ ಬರೆದಿತ್ತು. ಬರೆದದ್ದು ನಮ್ಮಪ್ಪ. ಹೆಸರು ಹಿಡಿದೋನನ್ನ ಎಳೆದು ಜಲ್ಲಿ ಮೇಲೆ ಹಾಕಿದ್ದನ್ನ ನಾನು ನೋಡಿದ್ದೆ. ನನಗೆ ಹೆದರಿಕೆ ಇತ್ತು."

ಯಾರ ಹೆದರಿಕೆ ಎಂದು ಯಾರೂ ಕೇಳಲಿಲ್ಲ. ತೀರ್ಮಾನವಾಗುವ ತನಕ ಮೇಸ್ತ್ರಿ ಕೆಲಸಕ್ಕೆ ಬರುವುದು ಬೇಡ ಎಂದಾಯಿತು. ವರ್ಕ್‌ಶಾಪಿನ ಬೀಗದ ಕೈ ಗೊಂಚಲನ್ನು ಮೇಜಿನ ಮೇಲಿಟ್ಟು ಅವನು ಹೊರಗೆ ಬಂದ.

ಸೈಕಲ್ ನಿಲ್ದಾಣದ ಹತ್ತಿರ ಹುಡುಗರು ಕಾಯುತ್ತಿದ್ದರು. ಏಳೆಂಟು ಜನ. ಜಲ್ಲಿಯ ಮೇಲೆ ಬಿದ್ದಿದ್ದವನು ಮುಂದಿದ್ದ, ಕೈಯಲ್ಲಿ ಸ್ಪ್ಯಾನರು.

"ಬಾರೋ ಸುತ್ತಿಗೆ" ಎಂದ. "ಈಗ ಸಾರ್ ಅಂತೀವಿ, ಬಾ."

ಮೊದಲ ಏಟು ಹೆಗಲಿಗೆ ಬಿತ್ತು, ಎರಡನೆಯದು ಹುಬ್ಬಿಗೆ. ಪ್ರತಿ ಏಟಿಗೂ ಅವರು 'ಸಾರ್' ಅನ್ನುತ್ತಿದ್ದರು. ತಗೊಳ್ಳಿ ಸಾರ್, ಹೇಗಿದೆ ಸಾರ್. ಕಣ್ಣಿಗೆ ರಕ್ತ ಇಳಿದು ದಾರಿ ಮಸುಕಾಯಿತು. ಮೇಸ್ತ್ರಿ ಕೈಗೆ ಸಿಕ್ಕವನ ಕೊರಳು ಹಿಡಿದು ಕಂಬಕ್ಕೆ ಒತ್ತಿದ. ಹೆಬ್ಬೆರಳು ಗಂಟಲ ಗುಂಡಿಯನ್ನು ಹುಡುಕಿಕೊಂಡು ಹೋಯಿತು, ಹುಡುಗನ ನಾಲಿಗೆ ಹೊರಬಂತು. ಅಷ್ಟರಲ್ಲಿ ಮಗಳು ನಡುವೆ ನುಗ್ಗಿದಳು. ಅವಳ ಬೆನ್ನಿಗೂ ಒಂದು ಬಿತ್ತು.

"ಬಿಡ್ರೋ! ನಮ್ಮಪ್ಪ ಕಣ್ರೋ! ಅಪ್ಪಾ, ನೀನೂ ಬಿಡು, ಸತ್ತೋಗ್ತಾನೆ ಬಿಡು!"

ಅವನು ಬಿಟ್ಟ. ಹುಡುಗ ಕೆಮ್ಮುತ್ತಾ ಕುಸಿದ. ಉಳಿದವರು ಹಿಂದೆ ಸರಿದರು. ಮೇಸ್ತ್ರಿ ಎರಡೂ ಕೈಯನ್ನು ಪ್ಯಾಂಟಿನ ಜೇಬಿಗೆ ತುರುಕಿ, ಮನೆ ತಲುಪುವ ತನಕ ಹೊರಗೆ ತೆಗೆಯಲಿಲ್ಲ.

ಮನೆ ಅಂದರೆ ಎರಡು ಕೋಣೆ, ಬೀದಿಗೆ ಒಂದೇ ಬಾಗಿಲು. ಹೆಂಡತಿ ಬಿಸಿನೀರು, ಬಟ್ಟೆ ತಂದು ಅವನ ಹುಬ್ಬು ಒರೆಸಿದಳು. ಮಧ್ಯಾಹ್ನದ ಬಿಸಿಲು ಹೊಸ್ತಿಲ ತನಕ ಬಂದಿತ್ತು. ಅವನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೇ ಇದ್ದ. ಕೂರಲು ಆಗುತ್ತಿರಲಿಲ್ಲ, ಪಕ್ಕೆಲುಬು ನೋಯುತ್ತಿತ್ತು.

"ಇಪ್ಪತ್ತೇಳು ವರ್ಷದ ಕೆಲಸ" ಎಂದ. "ಐದು ಜನರ ಮುಂದೆ ಹೆತ್ತ ಮಗಳೇ ಅಪ್ಪನ ಕೊರಳಿಗೆ ಹಗ್ಗ ಹಾಕಿದಳು."

"ಹೆತ್ತೋಳು ನಾನು" ಎಂದಳು ಹೆಂಡತಿ ಬಟ್ಟೆ ಹಿಂಡುತ್ತಾ. "ಅವಳು ಇದ್ದದ್ದು ಹೇಳಿದಾಳೆ. ಸುಮ್ನಿರಿ."

"ಒಂದು ಮಾತು ನುಂಗಿದ್ರೆ ಅವಳ ಗಂಟು ಹೋಗ್ತಿತ್ತಾ?"

ಮಗಳು ಗೋಡೆಗೊರಗಿ ಕೂತಿದ್ದಳು. "ನುಂಗಿದೆನಲ್ಲ ಅಪ್ಪ" ಎಂದಳು. "ಅವತ್ತು ನುಂಗಿದೆ. ನಾಲಿಗೆ ತುದೀಲಿದ್ದ ಹೆಸರು ನುಂಗಿ ಸಾರ್ ಅಂದೆ. ಅದಕ್ಕೇ ಅವರ ಕಣ್ಣು ಹೋಯ್ತು."

"ಅವರ ಹುಚ್ಚಾಟಕ್ಕೆ ಹೋಯ್ತು! ಕರೆದರೆ ತಿರುಗೋದು ಬಿಟ್ಟು..."

"ಅವರದೂ ತಪ್ಪೇ. ಅವರೇ ಬರೆದು ಕೊಟ್ರು ತಪ್ಪು ಅಂತ. ನೀನು?" ಅವಳು ಎದ್ದು ನಿಂತಳು. "ನಾನು ಕೂಗಿದಾಗ ನೀನು ತಿರುಗಿದೆಯಲ್ಲ, ನಾನು ನಿನ್ನ ಮುಖಾನೇ ನೋಡ್ತಿದ್ದೆ. ನಿನಗೆ ಖುಷಿಯಾಯ್ತು. ಒಬ್ಬ ಮನುಷ್ಯ ಸಾಯೋಕೆ ಬಿದ್ದಿದಾನೆ, ನಿನಗೆ ನಾನು ಸಾರ್ ಅಂದೆ ಅಂತ ಖುಷಿ. ಆ ಖುಷಿ ಮುಗಿಸ್ಕೊಂಡು ಆಮೇಲೆ ಸ್ವಿಚ್ಚಿಗೆ ಓಡಿದೆ. ಹೌದೋ ಅಲ್ವೋ?"

ಈ ಮೂರು ದಿನ ಅವನು ಯಾವುದನ್ನು ತನ್ನಿಂದಲೇ ಬಚ್ಚಿಟ್ಟುಕೊಂಡು ಓಡಾಡಿದ್ದನೋ ಅದನ್ನು ಅವಳು ತಟ್ಟೆಯಲ್ಲಿಟ್ಟು ಮುಂದೆ ಹಿಡಿದಿದ್ದಳು.

"ಸುಮ್ನಿರು ಅಂದೆ."

"ಹೌದೋ ಅಲ್ವೋ ಹೇಳು."

"ಏ, ಒಳಗೆ ಹೋಗು" ಎಂದಳು ಹೆಂಡತಿ ಮಗಳಿಗೆ. ಅವಳ ಕಣ್ಣು ಆಗಲೇ ಗಂಡನ ಜೇಬಿನ ಮೇಲಿತ್ತು. ಬಲಗೈ ಹೊರಗೆ ಬಂದಿತ್ತು.

ಮಗಳು ಒಳಗೆ ಹೋಗಲಿಲ್ಲ. ಅವನೆದುರಿಗೆ ಒಂದು ಮೊಳದ ಅಂತರಕ್ಕೆ ಬಂದು ನಿಂತಳು. "ಒಂದು ಹೆಸರು ಕರೆದ್ರೆ ಏನು ಮುಳುಗಿ ಹೋಗುತ್ತೆ? ಕರೀತೀನಿ ನೋಡು" ಎಂದಳು.

ಕರೆದಳು. ಅಪ್ಪನ ಹೆಸರು. ಅಪ್ಪ ಇಲ್ಲ, ಸಾರ್ ಇಲ್ಲ, ಹಿಂದೆ ಮುಂದೆ ಏನೂ ಇಲ್ಲ. ಬೈಗುಳದ ದನಿಯಲ್ಲೂ ಅಲ್ಲ, ಮೆಲ್ಲಗೆ, ಕತ್ತಲೆ ಕೋಣೆಯಲ್ಲಿ ಯಾರಾದರೂ ಇದ್ದಾರಾ ಎಂದು ವಿಚಾರಿಸುವ ಹಾಗೆ.

ನಲವತ್ತು ವರ್ಷದ ಹಿಂದಿನ ಹೊಸ್ತಿಲೊಂದರಲ್ಲಿ ಚಪ್ಪಲಿ ಬಿಚ್ಚಿದ ಸದ್ದಾಯಿತು. ಆದರೆ ಈಗ ಹುಡುಗ ಅವನಲ್ಲ, ಸೊಂಟದ ಪಟ್ಟಿಯೂ ಬೇರೆಯವರ ಕೈಯಲ್ಲಿರಲಿಲ್ಲ.

ಕೈ ಎದ್ದದ್ದು ಅವನಿಗೆ ಕಾಣಲಿಲ್ಲ. ಬಿದ್ದದ್ದು ಕೇಳಿಸಿತು. ಮಗಳು ಬಲಕ್ಕೆ ಹಾರಿ, ಮೇಜಿನ ಮೂಲೆಗೆ ಕೆನ್ನೆಮೂಳೆ ಬಡಿದು, ಕುರ್ಚಿಯನ್ನೂ ಎಳೆದುಕೊಂಡು ನೆಲಕ್ಕೆ ಬಿದ್ದಳು. ಅವನು ಅಷ್ಟಕ್ಕೆ ನಿಲ್ಲಲಿಲ್ಲ. ಬಗ್ಗಿ ಜಡೆ ಹಿಡಿದು ಎತ್ತಿ ಇನ್ನೊಂದು ಕೊಟ್ಟ. ಅದು ಬಾಯಿಗೆ ಬಿತ್ತು. ಮೂರನೆಯದಕ್ಕೆ ಎತ್ತಿದಾಗ ಹೆಂಡತಿ ಬಿಸಿನೀರಿನ ಪಾತ್ರೆಯನ್ನು ಅವನ ಮೊಣಕೈಗೆ ಬೀಸಿ ಹೊಡೆದಳು. ಮೂಳೆ ಚಟ್ಟೆಂದಿತು. ಕೈ ಸೋತು ಇಳಿಬಿದ್ದಿತು. ಇನ್ನೊಂದು ಕೈ ಜಡೆ ಬಿಟ್ಟಿತು.

ನೀರು ಸಿಮೆಂಟಿನ ನೆಲದ ಮೇಲೆ ಹರಿದು ರಕ್ತದ ಹನಿಗಳನ್ನು ತಿಳಿಗೆಂಪು ಮಾಡುತ್ತಿತ್ತು. ಮಗಳು ಅಳಲಿಲ್ಲ. ತುಟಿ ಒರೆಸಿಕೊಂಡು ಅಂಗೈ ನೋಡಿಕೊಂಡಳು.

ಹೆಂಡತಿ ಒಳಗಿನ ಕೋಣೆಗೆ ಹೋದಳು. ಕಬ್ಬಿಣದ ಬೀರು ತೆರೆದ ಸದ್ದು, ಬಟ್ಟೆ ಎಳೆದ ಸದ್ದು, ಚೀಲದ ಜಿಪ್ಪಿನ ಸದ್ದು. ಎಲ್ಲ ಎಲ್ಲಿದೆ ಎಂದು ಮೊದಲೇ ತಿಳಿದವಳ ಹಾಗೆ ಐದು ನಿಮಿಷಕ್ಕೆ ಹೊರಗೆ ಬಂದಳು. ಒಂದು ಚೀಲ ಹೆಗಲಿಗೆ, ಒಂದು ಕೈಗೆ.

"ಅಮ್ಮಾ, ನನ್ನ ಡ್ರಾಯಿಂಗ್ ಹಾಳೆಗಳು" ಎಂದಳು ಮಗಳು ಊದಿದ ಬಾಯಿಯಲ್ಲಿ.

"ತಗೊಂಡಿದೀನಿ. ಏಳು."

"ಎಲ್ಲಿಗೆ ಹೋಗ್ತೀರಿ?" ಎಂದ ಮೇಸ್ತ್ರಿ. ಮೊಣಕೈ ಎಡಗೈಯಲ್ಲಿ ಹಿಡಿದುಕೊಂಡಿದ್ದ. "ನೋಡು, ಹುಬ್ಬಿನ ರಕ್ತ ಕಣ್ಣಿಗಿಳಿದಿತ್ತು. ನಾನು ನಾನಾಗಿರಲಿಲ್ಲ. ಅವಳು ಕರೆದದ್ದು ಕೇಳಿಸಿತಾ ನಿನಗೆ? ಹೆತ್ತ ಅಪ್ಪನನ್ನ ಯಾರಾದ್ರೂ..."

"ಕೇಳಿಸಿತು" ಎಂದಳು ಹೆಂಡತಿ. "ಹೆಸರು ತಾನೆ?"

ಅವಳು ಮಗಳ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು. ಇಬ್ಬರೂ ಬಾಗಿಲ ಕಡೆ ನಡೆದು ಬಂದರು. ಬಾಗಿಲಲ್ಲಿ ಅವನಿದ್ದ. ಅವನ ಬೆನ್ನ ಹಿಂದೆ ಬೀದಿ, ಬಿಸಿಲು, ಯಾರದೋ ಸೈಕಲ್ಲಿನ ಗಂಟೆ. ಹೆಂಡತಿ ಅವನ ಮುಖ ನೋಡುತ್ತಾ ನಿಂತಳು. ಬೇಡಲಿಲ್ಲ, ದೂಡಲಿಲ್ಲ, ನೆನಪಿಸಲಿಲ್ಲ. ಎಡಗೈಯೊಂದೇ ಸಾಕು, ಬಾಗಿಲು ಎಳೆದು ಚಿಲಕ ಹಾಕಿಬಿಡಬಹುದು ಎಂದು ಅವನಿಗೆ ಅನ್ನಿಸಿತು. ಎಡಗೈ ಚಿಲಕದ ತನಕ ಹೋಯಿತು. ಮಗಳು ಆ ಕೈ ಕಂಡು ಅಮ್ಮನ ಹಿಂದಕ್ಕೆ ಸರಿದು ಮುಖ ಮುಚ್ಚಿಕೊಂಡಳು.

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಎರಡು ಹೆಜ್ಜೆ ಪಕ್ಕಕ್ಕೆ ಇಟ್ಟು ಗೋಡೆಗೆ ಒರಗಿದ. ಇಬ್ಬರೂ ಹೊಸ್ತಿಲು ದಾಟಿ ಬೀದಿಗಿಳಿದರು.

ಕೈ ಎತ್ತುವುದಿಲ್ಲ ಎಂಬುದು ಮುರಿದುಹೋಗಿತ್ತು. ಅಡ್ಡ ನಿಲ್ಲುವುದಿಲ್ಲ ಎಂದು ಕೊಟ್ಟ ಮಾತು ನಡೆಯಿತು.